ಎಂಟನೇ ಸ್ಥಾನದ ಚನ್ನಬಸಪ್ಪ

ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಳಗ್ಗೆ ಹತ್ತು ಗಂಟೆ. ಸ್ಥಳ: ನಿಟ್ಟುವಳ್ಳಿಯಲ್ಲಿ ಚನ್ನಬಸಪ್ಪನವರ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಗೆಳತಿ ಗಿರಿಜಾ, ಪಾತ್ರೆ ಅಂಗಡಿಯ ಚನ್ನಬಸಪ್ಪನವರು, ಅವರ ಮನೆಯವರಾದ ಶಾರದಮ್ಮ. ಎದುರಿಗೆ ಚಹಾ (ಒಂದು ಲೋಟದಲ್ಲಿ ಸಕ್ಕರೆ ಇಲ್ಲ, ಅದು ನನ್ನದು).

ಬಂದ ಕೆಲಸ ಹೇಳಿ ಮುಗಿಸಿದೆವು. ಚನ್ನಬಸಪ್ಪನವರು ಲೋಟ ಕೆಳಗಿಟ್ಟರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ನಿಧಾನವಾಗಿ ಒರೆಸಿದರು.

“ಅಲ್ರಿ ಅಕ್ಕಾರೆ, ಕಮಿಟಿಯಾಗೆ ಐದು ಮಂದಿ ಅದೀವಿ. ಅದರಾಗೆ ನನ್ನನ್ನೇ ಯಾಕ ಆರಿಸ್ಕೊಂಡ್ರಿ?”

ನಾನು ಒಂದು ಒಳ್ಳೆಯ ಉತ್ತರ ಹುಡುಕುತ್ತಿದ್ದೆ. ಗಿರಿಜಾ ಹುಡುಕುವವಳಲ್ಲ.

“ನೀವು ಸಾಧು ಮನುಷ್ಯರು ಅಂತ. ಇಲ್ಲ ಅನ್ನಾಕೆ ನಿಮಗೆ ಬರಲ್ಲ ಅಂತ ಎಲ್ಲರಿಗೂ ಗೊತ್ತೈತೆ.”

ಶಾರದಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಅವರ ಯಜಮಾನರು ಮಾತ್ರ ನಗಲಿಲ್ಲ. ಕನ್ನಡಕ ಹಾಕಿಕೊಂಡು ನಮ್ಮಿಬ್ಬರನ್ನೂ ಸರಿಯಾಗಿ ನೋಡಿದರು.

“ಹಂಗೇನು? ಹಂಗಾದ್ರೆ ನಾಳೆ ಕಾಂಕ್ರೀಟಿಗೆ ಮೊದಲನೇ ಸಹಿ ನಂದೇ ಬೀಳ್ತೈತೆ.”

ಹತ್ತು ನಿಮಿಷದಲ್ಲಿ ಮುಗಿಸಿ ಬರೋಣ ಎಂದು ಹೊರಟಿದ್ದ ಕೆಲಸ ಇದು. ಹೀಗೆ ಕೆಟ್ಟಿದ್ದು ಯಾಕೆಂದು ಹೇಳಬೇಕಾದರೆ ನಾನು ನಿಮ್ಮನ್ನು ಸ್ವೀಡನ್ನಿಗೆ ಕರೆದುಕೊಂಡು ಹೋಗಬೇಕು. ಅದಕ್ಕೂ ಮೊದಲು ಒಂದು ಮೈದಾನಕ್ಕೆ.

ನಿಟ್ಟುವಳ್ಳಿಯ ಒಂದು ಸಮುದಾಯ ಭವನದ ಹಿಂದೆ ಮಣ್ಣಿನ ಮೈದಾನವಿದೆ. ಅದರ ಎರಡು ತುದಿಗೆ ಕೆಂಪು ಬಿಳಿ ಪಟ್ಟೆಯ ಎರಡು ಕಬ್ಬಿಣದ ಗೋಲು. ಗಿರಿಜಾ ಹರಿಹರದವಳು. ದಾವಣಗೆರೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿ ನಿವೃತ್ತಳಾದಳು. ನಿವೃತ್ತಿಯಾದ ಮೇಲೂ ಸಂಜೆ ಬಸ್ಸಿಗೆ ಬಂದು ಇಲ್ಲಿಯ ಹುಡುಗಿಯರಿಗೆ ಹ್ಯಾಂಡ್‌ಬಾಲ್ ಕಲಿಸುತ್ತಾಳೆ. (ಹ್ಯಾಂಡ್‌ಬಾಲ್ ಗೊತ್ತಿಲ್ಲದವರಿಗೆ: ಫುಟ್‌ಬಾಲಿನ ಗೋಲು, ಬ್ಯಾಸ್ಕೆಟ್‌ಬಾಲಿನ ಕೈ, ಕಬಡ್ಡಿಯ ಮೈ. ಅಷ್ಟೆ.)

ಬರುವವರು ಆಟೊ ಓಡಿಸುವವರ, ಬಟ್ಟೆ ಹೊಲಿಯುವವರ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಕ್ಕಳು. ಮನೆಯ ಹತ್ತಿರ ಎಂಬ ಒಂದೇ ಕಾರಣಕ್ಕೆ ಮನೆಯವರು ಕಳಿಸುತ್ತಾರೆ. ಊರಾಚೆಯ ಸ್ಟೇಡಿಯಮ್ಮಿಗೆ ಸಂಜೆ ಹೊತ್ತು ಹೋಗು ಎಂದರೆ ಯಾರೂ ಕಳಿಸುವುದಿಲ್ಲ. ಈ ಮೈದಾನ ಹೋದರೆ ಈ ಹುಡುಗಿಯರ ಆಟ ಹೋಯಿತು.

ಅದು ಹೋಗುವುದರಲ್ಲಿತ್ತು. ಭವನದ ಕಮಿಟಿ ಅಲ್ಲಿ ಕಾಂಕ್ರೀಟು ಹಾಸಿ ಮದುವೆಗೆ ಬರುವವರಿಗೆ ಪಾರ್ಕಿಂಗ್ ಮಾಡಲು ಹೊರಟಿತ್ತು. ಸೋಮವಾರ ಸಭೆ. ಕಮಿಟಿಯಲ್ಲಿ ಒಂದು ಹಳೆಯ ನಿಯಮವಿದೆ. ಐವರೂ ಸಹಿ ಹಾಕಿದರೆ ಮಾತ್ರ ಹೊಸ ಕಾಮಗಾರಿ. ಒಬ್ಬರು ಬೇಡವೆಂದರೂ ನಿಲ್ಲುತ್ತದೆ.

ಈ ನಿಯಮ ಕೇಳಿದ ಕೂಡಲೇ ಗಿರಿಜಾಳ ಮುಖ ಬೆಳಗಿತು. “ಅಕ್ಕ, ಒಬ್ಬರೇ ಸಾಕು. ಸ್ವೀಡನ್ನಿನೋರ ಹಂಗೆ ಆರಿಸ್ಕೊಳ್ಳಾನ.”

ಈಗ ಸ್ವೀಡನ್.

ಕಳೆದ ಸೆಪ್ಟೆಂಬರಿನಲ್ಲಿ ಗಿರಿಜಾ ಗೋಲ್‌ಕೀಪರ್ ಹುಡುಗಿಯರಿಗೆ ತೋರಿಸಲು ಫೋನಿನಲ್ಲಿ ವಿಡಿಯೊ ಹುಡುಕುತ್ತಿದ್ದಳು. ಫೋನು ಒಂದು ಪೂರ್ತಿ ಪಂದ್ಯವನ್ನೇ ಎದುರಿಗಿಟ್ಟಿತು. ಸ್ವೀಡನ್ನಿನ ಮಹಿಳೆಯರ ಅತ್ಯುನ್ನತ ಹ್ಯಾಂಡ್‌ಬಾಲ್ ಲೀಗು. ಮುಂದಿನ ಶನಿವಾರ ಇನ್ನೊಂದು ಪಂದ್ಯ. ಅದರ ಮುಂದಿನ ಶನಿವಾರ ಮತ್ತೊಂದು. ನಮ್ಮ ಶನಿವಾರಗಳು ಹೀಗೆ ಸ್ವೀಡನ್ನಿನ ಪಾಲಾದವು.

ನೋಡುವುದು ಸರಸ್ವತಿ ನಗರದ ನಮ್ಮ ಮನೆಯಲ್ಲಿ. ಫೋನಿನ ಚಿತ್ರವನ್ನು ಟಿವಿಗೆ ಹತ್ತಿಸುವುದು ಗಿರಿಜಾಳ ಕೆಲಸ. ಸಮಯ ನೋಡುವುದು ನನ್ನ ಕೆಲಸ. ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ಗಂಟೆ ಹೊಡೆದು ಎಬ್ಬಿಸಿ, ಗಂಟೆ ಹೊಡೆದು ಉಣ್ಣಿಸಿ, ಗಂಟೆ ಹೊಡೆದು ಮಲಗಿಸಿದವಳು. ಗಿರಿಜಾ ನಡೆಸುತ್ತಿದ್ದ ಶಾಲಾ ಪಂದ್ಯಗಳಲ್ಲಿ ಟೈಮ್‌ಕೀಪರ್ ಕುರ್ಚಿಯೂ ನನ್ನದೇ. ನನ್ನ ಗಡಿಯಾರದ ಕಾಟ ಈ ಅಂಕಣದ ಓದುಗರಿಗೆ ಹೊಸದಲ್ಲ.

ನಮ್ಮ ತಂಡದ ಜರ್ಸಿ ಹಳದಿ. ಹೆಸರು ಇಬ್ಬರ ನಾಲಗೆಗೂ ಹೊರಳಲಿಲ್ಲ. ಗಿರಿಜಾ ‘ಹಳದಿಯೋರು’ ಎಂದಳು, ಅದೇ ನಿಂತಿತು. ಕಾಮೆಂಟರಿ ಸ್ವೀಡಿಶ್‌ನಲ್ಲಿ, ಹಾಗಾಗಿ ಟಿವಿಯ ದನಿ ಸಣ್ಣದು, ಗಿರಿಜಾಳ ದನಿ ದೊಡ್ಡದು.

ನನಗೆ ಅಲ್ಲಿ ಹಿಡಿಸಿದ್ದು ಗೋಲುಗಳಲ್ಲ, ಶಿಸ್ತು. ತಪ್ಪಾಟವಾಡಿದವಳಿಗೆ ರೆಫರಿ ಎರಡು ಬೆರಳು ಎತ್ತುತ್ತಾಳೆ. ಎರಡು ನಿಮಿಷ ಹೊರಗೆ. ಆಟಗಾರ್ತಿ ವಾದ ಮಾಡುವುದಿಲ್ಲ, ಹೋಗಿ ಬೆಂಚಿನ ಮೇಲೆ ಕೂರುತ್ತಾಳೆ, ನೀರು ಕುಡಿಯುತ್ತಾಳೆ, ಸಮಯವಾದ ಮೇಲೆ ಎದ್ದು ಬರುತ್ತಾಳೆ. (ನಮ್ಮ ಹಾಸ್ಟೆಲಿನಲ್ಲಿ ಈ ನಿಯಮವಿದ್ದಿದ್ದರೆ ನನ್ನ ಬಿ.ಪಿ. ಇಂದು ಹೀಗಿರುತ್ತಿರಲಿಲ್ಲ.) ಒಬ್ಬಳು ಬಿದ್ದರೆ ಯಾರೋ ಓಡಿ ಬಂದು ನೆಲದ ಬೆವರು ಒರೆಸಿ ಹೋಗುತ್ತಾರೆ. ನಮ್ಮ ನಿಟ್ಟುವಳ್ಳಿಯಲ್ಲಿ ಬಿದ್ದವಳು ಧೂಳು ಕೊಡವಿಕೊಂಡು ತಾನೇ ಏಳಬೇಕು, ಮೊಣಕಾಲಿಗೆ ಗಿರಿಜಾಳ ಚೀಲದ ಅರಿಶಿನ.

ಇಂಥ ಶಿಸ್ತಿನ ದೇಶ ನನಗೆ ಒಂದು ದ್ರೋಹ ಮಾಡಿತು. ಚಳಿಗಾಲವಿಡೀ ಪಂದ್ಯ ನಮ್ಮ ರಾತ್ರಿ ಎಂಟೂವರೆಗೆ. ಮಾರ್ಚಿ ತಿಂಗಳ ಕೊನೆ ಕಳೆದ ಮೇಲೆ ಒಂದು ಶನಿವಾರ ಊಟ ಮುಗಿಸಿ, ಪಾತ್ರೆ ತೊಳೆದು, ಸರಿಯಾಗಿ ಎಂಟೂವರೆಗೆ ಟಿವಿ ಹಚ್ಚಿದರೆ ಪಂದ್ಯ ಮುಗಿಯುವ ಹಂತದಲ್ಲಿತ್ತು. ಬೇಸಿಗೆ ಬರುತ್ತದೆಂದು ಆ ಜನ ಇಡೀ ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದೆ ತಿರುಗಿಸಿಕೊಂಡಿದ್ದರು. ಗಡಿಯಾರ ನೋಡಿ ಮನುಷ್ಯ ನಡೆಯಬೇಕೋ, ಮನುಷ್ಯನನ್ನು ನೋಡಿ ಗಡಿಯಾರ ನಡೆಯಬೇಕೋ?

“ಅಕ್ಕ ಲೇಟಾದ್ರು” ಎಂದು ಗಿರಿಜಾ ಹರಿಹರದ ತುಂಬ ಹೇಳಿಕೊಂಡು ಬಂದಳು.

ಇರಲಿ. ಲೀಗಿನಲ್ಲಿ ಪ್ರತಿ ತಂಡ ಪ್ರತಿ ತಂಡದೊಡನೆ ಎರಡು ಸಲ ಆಡುತ್ತದೆ, ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ. ಅದು ಮುಗಿದಾಗ ಹಳದಿಯವರು ಮೊದಲ ಸ್ಥಾನದಲ್ಲಿದ್ದರು. ನಾವು ಚಾಂಪಿಯನ್ ಆದೆವೆಂದು ಮೈಸೂರ್‌ಪಾಕ್ ತಂದು ಹಂಚಿಯೂ ಬಿಟ್ಟೆವು. ಆಮೇಲೆ ತಿಳಿಯಿತು, ಅಲ್ಲಿ ಮೊದಲ ಸ್ಥಾನ ಎಂದರೆ ಗೆದ್ದಂತೆ ಅಲ್ಲ. ಮೊದಲ ಎಂಟು ತಂಡಗಳು ಮತ್ತೆ ಕಾದಾಡಬೇಕು. ಮೊದಲು ಬಂದವರಿಗೆ ಒಂದು ವಿಶೇಷ ಮರ್ಯಾದೆ ಮಾತ್ರ ಇದೆ: ಕೆಳಗಿನ ನಾಲ್ಕು ತಂಡಗಳಲ್ಲಿ ತಮ್ಮ ಎದುರಾಳಿ ಯಾರೆಂದು ಅವರೇ ಆರಿಸಿಕೊಳ್ಳಬಹುದು.

ಚೀಟಿ ಎತ್ತುವುದಿಲ್ಲ. ಕೋಚ್ ಕ್ಯಾಮೆರಾ ಮುಂದೆ ನಿಂತು, ನಾವು ಇವರನ್ನು ಆರಿಸಿಕೊಂಡಿದ್ದೇವೆ ಎನ್ನುತ್ತಾನೆ. ಹಳದಿಯವರ ಕೋಚ್ ಎಂಟನೇ ಸ್ಥಾನದ ನೀಲಿ ಜರ್ಸಿಯವರ ಹೆಸರು ಹೇಳಿದ. ಎರಡೂ ಸಲ ಸೋಲಿಸಿದ್ದ ತಂಡ. ಬುದ್ಧಿ ಇದ್ದವರು ಯಾರಾದರೂ ಅದನ್ನೇ ಮಾಡುತ್ತಾರೆ ಎಂದೆ ನಾನು.

ಹಾಗಾಗಿ, ಕಮಿಟಿಯ ಐವರಲ್ಲಿ ಯಾರನ್ನು ಹಿಡಿಯಬೇಕು ಎಂಬ ಪ್ರಶ್ನೆ ಬಂದಾಗ ನಾವೂ ಅದನ್ನೇ ಮಾಡಿದೆವು. ಅಧ್ಯಕ್ಷರದು ಅಕ್ಕಿ ಗಿರಣಿ. ಮಾತಾಡಿದರೂ ಗಿರಣಿ ಓಡಿದ ಹಾಗೆಯೇ. ಅವರು ಬೇಡ. ಇನ್ನು ಮೂವರು ಅಧ್ಯಕ್ಷರು ಕೆಮ್ಮಿದರೆ ತಾವೂ ಕೆಮ್ಮುವವರು. ಅವರೂ ಬೇಡ. ಉಳಿದವರು ಚನ್ನಬಸಪ್ಪನವರು. ಮದುವೆಗೆಂದು ಕೊಂಡ ಕೊಡಪಾನವನ್ನು, ಅದರ ಮೇಲೆ ಗಿರಾಕಿಯ ಹೆಸರು ಕೆತ್ತಿಸಿ ಆದ ಮೇಲೂ, ಮುಖ ಸಿಂಡರಿಸದೆ ವಾಪಸ್ ತೆಗೆದುಕೊಂಡವರು. ಇವರಿಗಿಂತ ಸುಲಭದವರು ದಾವಣಗೆರೆಯಲ್ಲಿ ಸಿಗುತ್ತಾರೆಯೇ? ಭಾನುವಾರ ಹತ್ತಕ್ಕೆ ಬರುತ್ತೇವೆಂದು ಫೋನ್ ಮಾಡಿದೆವು.

ಅದರ ಹಿಂದಿನ ಸಂಜೆ, ಶನಿವಾರ ಏಳೂವರೆಗೆ, ಹಳದಿ ನೀಲಿಯವರ ಕೊನೆಯ ನಿರ್ಣಾಯಕ ಪಂದ್ಯ. ಐದು ಪಂದ್ಯಗಳ ಈ ಸುತ್ತಿನಲ್ಲಿ ಎರಡು ಇವರು, ಎರಡು ಅವರು ಗೆದ್ದಿದ್ದರು. ಆ ಸಂಜೆ ನೀಲಿಯವರು ಆಡಿದ್ದು ಆಟವಲ್ಲ, ಜಗಳ. ಅವರ ಗೋಲ್‌ಕೀಪರ್ ಕೈ ಕಾಲು ಮುಖ ಯಾವುದನ್ನೂ ಲೆಕ್ಕಿಸದೆ ಚೆಂಡಿಗೆ ಅಡ್ಡ ಬಂದಳು. ಹಳದಿಯವರು ಸೋತರು. ಮೊದಲ ಸ್ಥಾನದವರು ಮನೆಗೆ.

ಪಂದ್ಯ ಮುಗಿದ ಮೇಲೆ ಆ ಗೋಲ್‌ಕೀಪರ್ ಮೈಕಿನ ಮುಂದೆ ಏನೋ ಹೇಳಿದಳು. ‘ಅವರು ನಮ್ಮನ್ನು ಆರಿಸಿಕೊಂಡ ದಿನವೇ ನಮಗೆ ಪಂದ್ಯ ಶುರುವಾಯಿತು’ ಎಂದು ಕೆಳಗೆ ಅಕ್ಷರ ಮೂಡಿತು. ಯಂತ್ರದ ಅನುವಾದ, ತಪ್ಪಿರಬಹುದು. ಆದರೆ ಅವಳ ಮುಖ ನೋಡಿದರೆ ತಪ್ಪಿಲ್ಲ ಅನ್ನಿಸಿತು.

ಗಿರಿಜಾ ಟಿವಿ ಬಂದ್ ಮಾಡಿದಳು. ಆಮೇಲೆ ಹೇಳಿದಳು: “ಅಕ್ಕ, ನಾಳೆ ಚನ್ನಬಸಪ್ಪನೋರ ಮನಿಗೆ ಹೋಗಾದು ಬ್ಯಾಡ ಅನ್ನಿಸ್ತೈತೆ.”

“ಹತ್ತು ಗಂಟೆಗೆ ಬರ್ತೀವಿ ಅಂತ ಹೇಳಿದೀವಿ. ಹೋಗಬೇಕು” ಎಂದೆ. ಗೊತ್ತುಮಾಡಿದ ಸಮಯ ಎಂದರೆ ಗೊತ್ತುಮಾಡಿದ ಸಮಯ. ಎದುರಿಗಿದ್ದ ಪಾಠಕ್ಕಿಂತ ಕೈಗಡಿಯಾರ ದೊಡ್ಡದು, ನನ್ನಂಥವರಿಗೆ.

ಈಗ ವಾಪಸ್ ಪಡಸಾಲೆಗೆ ಬನ್ನಿ. ಮೊದಲನೇ ಸಹಿ ನನ್ನದೇ ಎಂದು ಚನ್ನಬಸಪ್ಪನವರು ಹೇಳಿ ಆಗಿದೆ. ಎದ್ದು ಬರುವುದೊಂದೇ ಉಳಿದಿದೆ. ಆದರೆ ಗಿರಿಜಾ ಏಳಲಿಲ್ಲ. ಹಳದಿ, ನೀಲಿ, ಕ್ಯಾಮೆರಾ ಮುಂದೆ ಆರಿಸುವುದು, ಹಿಂದಿನ ಸಂಜೆಯ ಸೋಲು, ಎಲ್ಲವನ್ನೂ ಬಿಡದೆ ಅವರ ಮುಂದೆ ಹೇಳಿದಳು. ನಮ್ಮ ಉಪಾಯ ಎಲ್ಲಿಂದ ಬಂತೆಂಬುದನ್ನೂ ಮುಚ್ಚಿಡಲಿಲ್ಲ.

ಅವರು ಗಮನವಿಟ್ಟು ಕೇಳಿದರು.

“ಅಂದ್ರೆ ಆ ನೀಲಿಯೋರು ಎಂಟರಾಗೆ ಎಂಟು. ನಾನು ಐದರಾಗೆ ಐದು.”

“ಮನಿಯಾಗೂ ಅದೇ ನಂಬರು ನಿಮಗೆ” ಎಂದರು ಶಾರದಮ್ಮ. “ಏನು ಅಡಿಗಿ ಅಂತ ನಾವೆಲ್ಲಾ ಮಾತಾಡಿ ಆದ ಮ್ಯಾಲೆ ನಿಮಗೆ ಹೇಳ್ತೀವಿ.”

“ನೋಡ್ರಿ. ಬದನಿಕಾಯಿ ಬ್ಯಾಡ ಅಂತ ಎಷ್ಟು ವರ್ಷದಿಂದ ಹೇಳೀನಿ.”

“ಯಾವಾಗ ಹೇಳೀರಿ? ಮನಸ್ಸಿನಾಗೆ ಹೇಳ್ಕೊಂಡ್ರೆ ನನಗೆ ಹೆಂಗೆ ಕೇಳ್ಬೇಕು?”

ಚನ್ನಬಸಪ್ಪನವರು ನನ್ನ ಕಡೆ ತಿರುಗಿದರು. ದನಿ ಏರಿಸಲೂ ಇಲ್ಲ.

“ಅಕ್ಕಾರೆ, ಅಧ್ಯಕ್ಷರು ಫೋನ್ ಮಾಡಿ ‘ಸೋಮವಾರ ಬಂದು ಸಹಿ ಹಾಕು’ ಅಂದ್ರು. ಪಾರ್ಕಿಂಗ್ ಬೇಕೇನಪ್ಪಾ ಅಂತ ಕೇಳ್ಲಿಲ್ಲ. ಸರಿ, ಅವರು ಹಂಗೇ. ನೀವಾದ್ರೂ ಏನು ಮಾಡಿದ್ರಿ? ‘ಬ್ಯಾಡ ಅನ್ರಿ’ ಅಂತ ಬಂದೀರಿ. ನೀವೂ ಕೇಳ್ಲಿಲ್ಲ.”

ನಾನು ಲೋಟ ಕೆಳಗಿಟ್ಟೆ.

ಯೋಚಿಸಿ ನೋಡಿ. ಬಸ್ಸು ತಡವಾದರೆ ನಾವು ಡಿಪೊಗೆ ಹೋಗಿ ಕೇಳುತ್ತೇವೆಯೇ? ಕೈಗೆ ಸಿಕ್ಕ ಕಂಡಕ್ಟರ್ ಮೇಲೆ ಏರುತ್ತೇವೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಬೈಸಿಕೊಳ್ಳುವವನು ವಾಲ್ವ್ ತಿರುಗಿಸುವವನು. ಬ್ಯಾಂಕಿನ ಮೇಲಿನ ಸಿಟ್ಟು ಫೋನೆತ್ತಿದ ಹುಡುಗಿಯ ಮೇಲೆ. ಆಫೀಸಿನ ಸಿಟ್ಟು ಮನೆಯಲ್ಲಿ ಅನ್ನ ಬಡಿಸುವವರ ಮೇಲೆ. ನಾವೆಲ್ಲರೂ ದಿನವೂ ಎದುರಾಳಿಯನ್ನು ಆರಿಸುತ್ತಲೇ ಇರುತ್ತೇವೆ, ಮತ್ತು ತಪ್ಪದೆ ಎಂಟನೇ ಸ್ಥಾನದವರನ್ನೇ ಆರಿಸುತ್ತೇವೆ. ಸ್ವೀಡನ್ನಿನವರು ಕ್ಯಾಮೆರಾ ಮುಂದೆ ಹೇಳಿ ಆರಿಸುತ್ತಾರೆ. ನಾವು ಹೇಳದೆ ಆರಿಸುತ್ತೇವೆ. ವ್ಯತ್ಯಾಸ ಅಷ್ಟೆ.

“ಹಾಗಾದರೆ ಈಗ ಕೇಳ್ತೀನಿ” ಎಂದೆ. “ಆ ಮೈದಾನದ ವಿಷಯದಲ್ಲಿ ನಿಮಗೇನು ಬೇಕು, ಚನ್ನಬಸಪ್ಪನೋರೆ?”

ಉತ್ತರಕ್ಕೆ ಅವರು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. ಅದು ಒಳಗೆ ಎಷ್ಟು ದಿನದಿಂದ ತಯಾರಿತ್ತೋ.

ಮದುವೆಗೆ ಬಂದವರು ಅವರ ಬಾಗಿಲಿಗೇ ಕಾರು ತಂದು ನಿಲ್ಲಿಸುತ್ತಾರೆ, ಇವರು ಸ್ಕೂಟರ್ ಹೊರಗೆ ತೆಗೆಯಲಾಗದೆ ಅಂಗಡಿಗೆ ನಡೆದು ಹೋಗಬೇಕು. ಹಾಗಾಗಿ ಗಾಡಿ ನಿಲ್ಲಿಸಲು ಜಾಗ ಬೇಕೇ ಬೇಕು. ಆದರೆ ಕಾಂಕ್ರೀಟು ಬೇಡ. ಈಗ ಮಳೆನೀರನ್ನು ಆ ಮಣ್ಣು ಕುಡಿಯುತ್ತದೆ. ಕಾಂಕ್ರೀಟು ಹಾಸಿದರೆ ಅದು ನೇರ ಅವರ ಓಣಿಗೆ ಇಳಿಯುತ್ತದೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

“ಮುಹೂರ್ತ ಇದ್ದ ದಿನ ಗಾಡಿ ನಿಲ್ಲಲಿ, ಮಣ್ಣಿನ ಮ್ಯಾಲೇ. ಉಳಿದ ದಿನ ಹುಡುಗ್ಯಾರು ಆಡ್ಲಿ. ಆದ್ರೆ ಟೀಚರ್ರೆ, ಒಳಗೆ ಕಾರ್ಯ ನಡೆದಾಗ ನಿಮ್ಮ ಸೀಟಿ ಕೇಳಬಾರ್ದು.”

“ಸೀಟಿ ಇಲ್ದೆ ಹೆಂಗ್ರೀ ಆಡ್ಸಾದು?”

“ಕೈ ಮಾಡ್ರಿ. ಗೋಲಿನ ಕಂಬ ಮುಂಚಿನ ದಿನ ಪಕ್ಕಕ್ಕೆ ಎತ್ತಿಡ್ಬೇಕು. ಗಾಡಿ ಹೋದ ಮ್ಯಾಲೆ ಕಸ ಹೊಡ್ದು ಗೆರಿ ಹಾಕೋರೂ ನೀವೇ. ಭವನದ ಆಳಿಗೆ ಹೇಳಂಗಿಲ್ಲ.”

“ಸೀಸನ್ನಾಗೆ ಮುಹೂರ್ತ ಎಷ್ಟಿರ್ತಾವೆ ಗೊತ್ತೈತೇನ್ರಿ? ತಿಂಗಳೆಲ್ಲ ಮನಿಯಾಗೆ ಕೂಡ್ರಬೇಕೇನು ನಮ್ಮ ಹುಡುಗ್ಯಾರು?”

“ಬೆಳಗಿನ ಮದುವಿ ಆದ್ರೆ ಊಟ ಮುಗಿದ ಮ್ಯಾಲೆ ಗಾಡಿ ಖಾಲಿ, ಸಂಜಿ ನಿಮ್ದು. ಆರತಕ್ಷತೆ ಇದ್ದ ಸಂಜಿ ನಮ್ದು. ಮುಗೀತು.”

“ಭಾನುವಾರಾದ್ರೂ...”

“ಇಲ್ಲ.”

ಇಲ್ಲ ಎನ್ನಲು ಬಾರದವರು ಇದನ್ನು ಬಹಳ ಸ್ಪಷ್ಟವಾಗಿ ಅಂದರು. ಗಿರಿಜಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹೆಸರು ಕೆತ್ತಿದ ಕೊಡಪಾನ ವಾಪಸ್ ತೆಗೆದುಕೊಂಡ ಮನುಷ್ಯ ಒಂದು ಅಂಗುಲ ಬಿಟ್ಟುಕೊಡಲಿಲ್ಲ. ನಾವು ಎಲ್ಲದಕ್ಕೂ ಒಪ್ಪಿದೆವು.

ಆಮೇಲೆ ಅವರು ಫೋನ್ ತೆಗೆದರು. ಕಿವಿ ಸ್ವಲ್ಪ ಮಂದ, ಹಾಗಾಗಿ ಅವರದು ಯಾವಾಗಲೂ ಸ್ಪೀಕರ್.

“ಅಣ್ಣಾ, ನಾನು ಚನ್ನಬಸಪ್ಪ. ನಾಳೆ ಕಾಂಕ್ರೀಟಿಗೆ ನಾನು ಸಹಿ ಹಾಕಲ್ಲ.”

“ಯಾವ ಚನ್ನಬಸಪ್ಪ?” ಎಂದಿತು ಗಿರಣಿಯ ದನಿ.

“ಪಾತ್ರೆ ಅಂಗಡಿ ಚನ್ನಬಸಪ್ಪ. ನಿಮ್ಮ ಕಮಿಟಿಯಾಗೇ ಅದೀನಿ.”

“ನೀನಾ?”

“ಹೂಂ ಅಣ್ಣ.”

“ಯಾರು ಹೇಳಿಕೊಟ್ಟಾರೆ ನಿನಗೆ?”

ಚನ್ನಬಸಪ್ಪನವರು ನಮ್ಮ ಕಡೆ ನೋಡಿದರು. ಗಿರಿಜಾ ನೆಲ ನೋಡಿದಳು. “ಹೇಳಿಕೊಡಾಕೆ ಮಂದಿ ಭಾಳ ಬಂದ್ರು ಅಣ್ಣ. ಕೇಳಾಕೆ ಯಾರೂ ಬರ್ಲಿಲ್ಲ. ಅದಕ್ಕೇ ನಾನೇ ಹೇಳಾಕತ್ತೀನಿ.” ಮಳೆನೀರಿನ ವಿಷಯ, ಮುಹೂರ್ತದ ವಿಷಯ, ನಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದರು, ಅದೇ ದನಿಯಲ್ಲಿ.

ಅಧ್ಯಕ್ಷರು ರೇಗಿದರು. ನಡುವೆ ಒಂದೆರಡು ಸಲ ನಕ್ಕರು, ಅದು ಒಳ್ಳೆಯ ನಗುವಲ್ಲ. ಆದರೆ ನಿಯಮ ಅವರಿಗೂ ಗೊತ್ತು. ಐದನೇ ಸಹಿ ಇಲ್ಲದೆ ಒಂದು ಬುಟ್ಟಿ ಜಲ್ಲಿಯೂ ಬೀಳುವುದಿಲ್ಲ. “ಈ ವರ್ಷ ಹಂಗೇ ಇರ್ಲಿ, ಮುಂದಿನ ವರ್ಷ ನೋಡಾನ” ಎಂದು ಫೋನ್ ಇಟ್ಟರು.

ಹುಡುಗಿಯರಿಗೆ ಒಂದು ವರ್ಷ ಸಿಕ್ಕಿತು. ಪೂರ್ತಿ ಮೈದಾನವಲ್ಲ, ಪೂರ್ತಿ ಸೀಸನ್ನೂ ಅಲ್ಲ. ಆದರೆ ಮಣ್ಣು ಮಣ್ಣಾಗಿಯೇ ಉಳಿಯಿತು.

ಶಾರದಮ್ಮ ಎರಡನೇ ಸಲ ಚಹಾ ತಂದರು. ಗಂಡನ ಲೋಟವನ್ನು ಮೊದಲು ಕೊಟ್ಟರು. (ನಾನು ನೋಡಿದೆ. ಚನ್ನಬಸಪ್ಪನವರೂ ನೋಡಿದರು.)

ಅಂದೇ ಭವನದಲ್ಲಿ ಬೆಳಗಿನ ಮದುವೆಯೊಂದಿತ್ತು. ಷರತ್ತು ಅಂದಿನಿಂದಲೇ ಜಾರಿ, ಗೋಲು ಪಕ್ಕಕ್ಕೆ ಸರಿಸಿ ಗಾಡಿಗಳನ್ನು ಮೈದಾನಕ್ಕೆ ಬಿಟ್ಟಿದ್ದರು. ಸಂಜೆ ಐದಕ್ಕೆ ಹೋದಾಗ ಗಾಡಿಗಳೆಲ್ಲ ಹೊರಟುಹೋಗಿದ್ದವು. ಟೈರಿನ ಗುರುತು, ಬಾಡಿದ ಮಲ್ಲಿಗೆ, ಕಾಗದದ ಲೋಟ. ಹುಡುಗಿಯರು ಗೊಣಗುತ್ತಲೇ ಕಸ ಹೊಡೆದು, ಗೋಲು ಎತ್ತಿ ತಂದು ನಿಲ್ಲಿಸಿದರು. ಗೆರೆ ಹಾಕುವ ಕೆಲಸ ನಮ್ಮಿಬ್ಬರದು.

ಹ್ಯಾಂಡ್‌ಬಾಲಿನಲ್ಲಿ ಗೋಲಿನ ಮುಂದೆ ಕಮಾನಿನ ಹಾಗೆ ಒಂದು ಗೆರೆ ಇರುತ್ತದೆ. ಅದರೊಳಗೆ ಗೋಲ್‌ಕೀಪರ್ ಬಿಟ್ಟು ಯಾರೂ ಕಾಲಿಡುವಂತಿಲ್ಲ. ಗಿರಿಜಾ ಕಂಬಕ್ಕೆ ಹಗ್ಗ ಕಟ್ಟಿ ಬಿಗಿಹಿಡಿದಳು. ತಳದಲ್ಲಿ ತೂತು ಮಾಡಿದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ ನಾನು ಹಗ್ಗದ ತುದಿಯಲ್ಲಿ ನಡೆದೆ. ಅರ್ಧ ಕಮಾನು ಆಗಿತ್ತು. ಸ್ಕೂಟರ್ ನಿಂತ ಸದ್ದಾಯಿತು. ಚನ್ನಬಸಪ್ಪನವರು, ಹಿಂದೆ ಶಾರದಮ್ಮ. ಷರತ್ತು ಪಾಲನೆಯಾಗಿದೆಯೇ ಎಂದು ನೋಡಲು ಬಂದಿದ್ದರು.

ಅವರು ಕೈ ಹಿಂದೆ ಕಟ್ಟಿಕೊಂಡು ಗೆರೆಯ ಉದ್ದಕ್ಕೂ ನಡೆದರು.

“ಅಕ್ಕಾರೆ, ಇಲ್ಲಿ ಸೊಟ್ಟ ಐತಲ್ರಿ.”

ಹಾಸ್ಟೆಲಿನಲ್ಲಿ ಚಾಪೆಗಳು ಒಂದೇ ಸಾಲಿನಲ್ಲಿರಬೇಕೆಂದು ಹುಡುಗಿಯರನ್ನು ಮತ್ತೆ ಏಳಿಸುತ್ತಿದ್ದವಳು ನಾನು. ಬಗ್ಗಿ ನೋಡಿದೆ. ಸೊಟ್ಟ ಇತ್ತು. ಚಪ್ಪಲಿಯಿಂದ ಅಳಿಸಿ ಮತ್ತೆ ಹಾಕಿದೆ.

ಹುಡುಗಿಯರು ಆಟಕ್ಕಿಳಿದರು. ಗಂಡ ಹೆಂಡತಿ ಇಬ್ಬರೂ ಭವನದ ಮೆಟ್ಟಿಲ ಮೇಲೆ ಕುಳಿತು ನೋಡಿದರು.

“ಟೀಚರ್ರೆ, ಆ ನೀಲಿಯೋರು ಮುಂದೆ ಏನಾದ್ರು?”

“ಬರೋ ಶನಿವಾರ ಸೆಮಿಫೈನಲ್ ಐತೆ. ಬರ್ರಿ ಇಬ್ರೂನು, ಅಕ್ಕನ ಮನಿಗೆ.”

“ಎಷ್ಟೊತ್ತಿಗೆ?”

“ಏಳೂವರೆ” ಎಂದೆ ನಾನು.

“ಒಂದ್ಸಲ ವಿಚಾರಿಸ್ಕೊಂಡು ಹೇಳ್ರಿ ಅಕ್ಕ” ಎಂದಳು ಗಿರಿಜಾ.

ಕತ್ತಲಾಗುವ ಮೊದಲು ಎಲ್ಲರೂ ಹೊರಟರು. ಗಿರಿಜಾ ಹರಿಹರದ ಬಸ್ಸಿಗೆ. ನಾನು ಸುಣ್ಣದ ಡಬ್ಬಿ ತೊಳೆದು, ಮೆಟ್ಟಿಲ ಮೇಲೆ ಬೋರಲು ಹಾಕಿ ಮನೆಗೆ ಬಂದೆ.

ನಿಮ್ಮ ಮನೆಯಲ್ಲಿ ಎಂಟನೇ ಸ್ಥಾನದಲ್ಲಿರುವವರು ಯಾರು, ಮತ್ತು ಅವರಿಗೇನು ಬೇಕೆಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ?